ಅರ್ಜಿ ಬರೆದವರ ಊರಿಗೆ ತಂತಿ ಬಂತು

ಕನ್ನಡದ ಕಚೇರಿ ಭಾಷೆಯನ್ನು ಸ್ವಲ್ಪ ಕೆದಕಿದರೆ ಸಾಕು, ಅರಬಿ-ಫಾರಸಿ ಮೂಲದ ಪದಗಳು ಸಾಲುಸಾಲಾಗಿ ಮೇಲೆ ಬರುತ್ತವೆ. ಅರ್ಜಿ, ದರಖಾಸ್ತು, ಷರತ್ತು, ತಕರಾರು, ಜಾಮೀನು, ಮಂಜೂರು, ಖಜಾನೆ, ಬಾಕಿ. ರಾಜರು, ಸುಲ್ತಾನರು, ನವಾಬರು, ಬ್ರಿಟಿಷರು ಎಲ್ಲರೂ ಹೋದರು. ಈ ಪದಗಳು ಮಾತ್ರ ತಾಲ್ಲೂಕು ಕಚೇರಿಯ ಮೇಜು ಬಿಟ್ಟು ಹೋಗಲಿಲ್ಲ. ಸಾಮಾನ್ಯ ಮನುಷ್ಯ ಸರಕಾರದ ಎದುರು ನಿಲ್ಲುವ ಕಥೆ ಇಡಿಯಾಗಿ ಇವುಗಳಲ್ಲಿದೆ. ಬೇಕಾದವನು ಅರ್ಜಿ ಹಾಕುತ್ತಾನೆ, ಕೊಡುವವನು ಷರತ್ತು ಹಾಕುತ್ತಾನೆ, ಮೂರನೆಯವನು ತಕರಾರು ತೆಗೆಯುತ್ತಾನೆ. ಇವೆಲ್ಲ ದಾಟಿದರೆ ಮಂಜೂರು. ಕಚೇರಿಯ ಹೊರಗೆ ಮರದ ನೆರಳಿನಲ್ಲಿ ಕೂತು, ಓದು ಬಾರದವರಿಗೆ ಅರ್ಜಿ ಬರೆದುಕೊಡುವವರನ್ನು ನಾವೆಲ್ಲರೂ ನೋಡಿದ್ದೇವೆ. ಉರ್ದುವಿನಲ್ಲಿ ಅವರನ್ನು ಅರ್ಜಿನವೀಸ್ ಎನ್ನುತ್ತೇವೆ. ಅವರಿಲ್ಲದಿದ್ದರೆ ಎಷ್ಟೋ ಜನರ ಹಕ್ಕು ಖಜಾನೆಯಲ್ಲೇ ಉಳಿದುಬಿಡುತ್ತಿತ್ತು.

ಇಂದು ಪಹಣಿ, ರೇಷನ್ ಕಾರ್ಡು, ಮಕ್ಕಳ ವಿದ್ಯಾರ್ಥಿವೇತನ ಎಲ್ಲವೂ ಇಂಟರ್ನೆಟ್ಟಿನ ಮೂಲಕವೇ ಆಗಬೇಕು. 2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಮಲೆನಾಡಿನ, ಕರಾವಳಿಯ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದ್ದನ್ನು ನಾವು ಮರೆತಿಲ್ಲ. ರಸ್ತೆ, ನೀರು, ವಿದ್ಯುತ್ತಿನ ಹಾಗೆ ಇಂಟರ್ನೆಟ್ಟಿನ ತಂತಿಯೂ ಊರಿಗೆ ಬೇಕು. ಆದರೆ ಲಾಭವಿಲ್ಲದ ಕಡೆಗೆ ಕಂಪೆನಿ ಹೋಗುವುದಿಲ್ಲ. ಅಲ್ಲಿಗೆ ಸಾರ್ವಜನಿಕ ಹಣವೇ ಹೋಗಬೇಕು. ಆ ಹಣವನ್ನು ಕೇಳುವುದು ಹೇಗೆ? ಕೇಳಿದವರಲ್ಲಿ ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ? ಇದಕ್ಕೆ ಅತ್ಯಂತ ಉದ್ದವಾದ ದಾಖಲೆ ಇರುವುದು ಅಮೆರಿಕದಲ್ಲಿ. ಆ ದೇಶದ ರಾಜಕೀಯದ ಬಗ್ಗೆ ನಮಗೆ ಏನೇ ತಕರಾರುಗಳಿರಲಿ, ಈ ಒಂದು ವಿಷಯದಲ್ಲಿ ಅದರ ತೊಂಬತ್ತು ವರ್ಷಗಳ ಅನುಭವವನ್ನು ಓದಿಕೊಳ್ಳುವುದು ನಮಗೆ ಲಾಭವೇ.

ಐದು ಡಾಲರಿನ ಸದಸ್ಯತ್ವ

ಈ ಕಥೆ ಇಂಟರ್ನೆಟ್ಟಿನಿಂದ ಶುರುವಾಗುವುದಿಲ್ಲ, ವಿದ್ಯುತ್ತಿನಿಂದ ಶುರುವಾಗುತ್ತದೆ. 1930ರ ದಶಕದ ನಡುವೆ ಅಮೆರಿಕದ ನಗರಗಳು ದೀಪಗಳಿಂದ ಝಗಮಗಿಸುತ್ತಿದ್ದಾಗ, ಅಲ್ಲಿನ ನೂರು ರೈತ ಮನೆಗಳಲ್ಲಿ ಹತ್ತು ಹನ್ನೊಂದಕ್ಕೆ ಮಾತ್ರ ವಿದ್ಯುತ್ ಇತ್ತು. ಹೆಂಗಸರು ಬಾವಿಯಿಂದ ನೀರು ಸೇದಿ, ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ದುಡಿಯುತ್ತಿದ್ದರು. 1935ರ ಮೇಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಗ್ರಾಮೀಣ ವಿದ್ಯುದೀಕರಣ ಆಡಳಿತ ಎಂಬ ಇಲಾಖೆಯನ್ನು ಸ್ಥಾಪಿಸಿದರು. ಅದರ ಮೊದಲ ಮುಖ್ಯಸ್ಥ ಮಾರಿಸ್ ಕುಕ್ ಮೊದಲು ಖಾಸಗಿ ವಿದ್ಯುತ್ ಕಂಪೆನಿಗಳನ್ನೇ ಕರೆದು ಕೇಳಿದರು. ನಿಜವಾಗಿ ವಿದ್ಯುತ್ ಬೇಕಾದ ರೈತರಿಗೆಲ್ಲ ಬಹುಮಟ್ಟಿಗೆ ಅದು ಸಿಕ್ಕಿದೆ ಎಂಬ ಅರ್ಥದ ಉತ್ತರ ಬಂತು! ಹತ್ತರಲ್ಲಿ ಒಂಬತ್ತು ಮನೆ ಕತ್ತಲಲ್ಲಿದ್ದಾಗ ಬಂದ ಉತ್ತರವಿದು.

1936ರಲ್ಲಿ ಗ್ರಾಮೀಣ ವಿದ್ಯುದೀಕರಣ ಕಾಯ್ದೆ ಬಂತು. ರೈತರೇ ಸಹಕಾರಿ ಸಂಘ ಕಟ್ಟಿಕೊಂಡು ಸರಕಾರದಿಂದ ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲ ಪಡೆಯುವ ವ್ಯವಸ್ಥೆಯದು. ಅರ್ಜಿ ಹಾಕುವುದು ಸುಲಭದ ಕೆಲಸವಾಗಿರಲಿಲ್ಲ. ಮನೆಮನೆ ತಿರುಗಿ ಸದಸ್ಯರನ್ನು ಸೇರಿಸಬೇಕು, ತಲಾ ಐದು ಡಾಲರ್ ಶುಲ್ಕ ಕೂಡಿಸಬೇಕು, ಯಾವ ಮನೆ ಎಲ್ಲಿದೆ ಎಂಬ ನಕ್ಷೆ ಬರೆಯಬೇಕು, ಹೊಲದಲ್ಲಿ ಕಂಬ ನೆಡಲು ಪ್ರತಿಯೊಬ್ಬರ ಒಪ್ಪಿಗೆ ಪಡೆಯಬೇಕು. ಆರ್ಥಿಕ ಕುಸಿತದ ಆ ದಿನಗಳಲ್ಲಿ ಐದು ಡಾಲರ್ ಸಣ್ಣ ಮೊತ್ತವಲ್ಲ. ಕಾಗದಕ್ಕೆ ರುಜು ಹಾಕಿದರೆ ಜಮೀನೇ ಹೋದೀತು ಎಂಬ ಭಯವೂ ಇತ್ತು. ನಮ್ಮ ಹಳ್ಳಿಗಳಲ್ಲಿ ಬಿಳಿ ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡವರ ಕಥೆ ಕೇಳಿದವರಿಗೆ ಈ ಭಯ ಅರ್ಥವಾಗುತ್ತದೆ.

ಹಾಗಿದ್ದೂ ಸಾವಿರಾರು ಹಳ್ಳಿಗಳಲ್ಲಿ ಈ ಕೆಲಸ ಆಗಿದ್ದು ಹೇಗೆ? ಅರ್ಜಿ ಬರಲಿ, ಆಮೇಲೆ ನೋಡೋಣ ಎಂದು ಇಲಾಖೆ ಕೈಕಟ್ಟಿ ಕೂರಲಿಲ್ಲ. ಎಂಜಿನಿಯರುಗಳನ್ನು, ವಕೀಲರನ್ನು, ಸಂಘಟಕರನ್ನು ಊರಿಗೆ ಕಳಿಸಿತು. ಸಂಘದ ನಿಯಮಾವಳಿಯ ಮಾದರಿಯನ್ನು ತಾನೇ ಬರೆದುಕೊಟ್ಟಿತು. ಇಂಥ ಸಂಘಗಳಿಗೆ ಕಾನೂನಿನ ಜಾಗವಿಲ್ಲದ ರಾಜ್ಯಗಳಿಗೆ ಕಾಯ್ದೆಯ ಮಾದರಿಯನ್ನೂ ಒದಗಿಸಿತು. ಕೊಡುವ ಕೈಯೇ ಅರ್ಜಿ ಬರೆಯಲು ಸಹಾಯ ಮಾಡಿದ ಅಪರೂಪದ ಉದಾಹರಣೆ ಇದು.

ಷರತ್ತುಗಳು ಅಲ್ಲಿಯೂ ಅಡ್ಡ ಬಂದವು. ಟೆಕ್ಸಾಸಿನ ಗುಡ್ಡಗಾಡಿನಲ್ಲಿ ಮನೆಗಳು ದೂರ ದೂರ. ಒಂದು ಮೈಲಿಗೆ ಕನಿಷ್ಠ ಮೂರು ಮನೆಗಳಿರಬೇಕೆಂಬ ನಿಯಮದಿಂದ ಅವರ ಅರ್ಜಿ ಬಿದ್ದುಹೋಗುವುದರಲ್ಲಿತ್ತು. ಅಲ್ಲಿಂದ ಆಯ್ಕೆಯಾಗಿದ್ದ ಯುವ ಸಂಸದ ಲಿಂಡನ್ ಜಾನ್ಸನ್, ಮುಂದೆ ಅಧ್ಯಕ್ಷನಾದವರು, ನೇರ ರೂಸ್‌ವೆಲ್ಟ್ ಬಳಿಗೇ ಹೋಗಿ ವಿನಾಯಿತಿ ತಂದರು. 1939ರಲ್ಲಿ ಪೆಡರ್ನೇಲ್ಸ್ ಸಹಕಾರಿ ಸಂಘದ ತಂತಿಗಳಲ್ಲಿ ವಿದ್ಯುತ್ ಹರಿಯಿತು. ಸಂತೋಷವೇ. ಆದರೆ ಜಾನ್ಸನ್ ಅವರಂಥ ಪ್ರತಿನಿಧಿ ಇಲ್ಲದ ಗುಡ್ಡಗಳ ಗತಿಯೇನು ಎಂಬ ಪ್ರಶ್ನೆ ಅಲ್ಲಿಯೇ ಉಳಿಯುತ್ತದೆ. 1949ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಗ್ರಾಮೀಣ ಟೆಲಿಫೋನಿಗೂ ಸಾಲ ಕೊಡಲಾಯಿತು. 1950ರ ದಶಕದ ಆರಂಭಕ್ಕೆ ಹತ್ತರಲ್ಲಿ ಸುಮಾರು ಒಂಬತ್ತು ರೈತ ಮನೆಗಳಲ್ಲಿ ವಿದ್ಯುತ್ ದೀಪವಿತ್ತು.

ಅರ್ಧ ನೀವು, ಅರ್ಧ ನಾವು

ಇಂಟರ್ನೆಟ್ ಬಂದಾಗ ಸರಕಾರದ ಕೈ ಅಷ್ಟು ಉದಾರವಾಗಿರಲಿಲ್ಲ. 1994ರಲ್ಲಿ ಕ್ಲಿಂಟನ್ ಆಡಳಿತದ ವಾಣಿಜ್ಯ ಇಲಾಖೆ ಶಾಲೆ, ಗ್ರಂಥಾಲಯ, ಆಸ್ಪತ್ರೆ, ಸೇವಾಸಂಸ್ಥೆಗಳಿಗೆ ಕಂಪ್ಯೂಟರ್ ಜಾಲ ಕಟ್ಟಲು ಸಣ್ಣ ಅನುದಾನದ ಯೋಜನೆ ತೆರೆಯಿತು. ಮೊದಲ ವರ್ಷವೇ ಸಾವಿರಕ್ಕೂ ಹೆಚ್ಚು ಅರ್ಜಿಗಳು ಬಂದವು. ಮಂಜೂರಾದದ್ದು ನೂರಕ್ಕಿಂತ ಕಡಿಮೆ. 2004ರವರೆಗೆ ನಡೆದ ಈ ಯೋಜನೆ ಒಟ್ಟು 610 ಅನುದಾನಗಳಲ್ಲಿ 23.35 ಕೋಟಿ ಡಾಲರ್ ಕೊಟ್ಟಿತು. ಷರತ್ತೇನೆಂದರೆ, ಸಾಮಾನ್ಯವಾಗಿ ಖರ್ಚಿನ ಅರ್ಧವನ್ನು ಅರ್ಜಿದಾರರೇ ತರಬೇಕು. ಹಣ ಹಾಕಬಲ್ಲವರು ಶ್ರದ್ಧೆಯಿಂದ ಕೆಲಸ ಮಾಡುತ್ತಾರೆ ಎಂಬುದು ಇದರ ಹಿಂದಿನ ತರ್ಕ. ಆದರೆ ಕೈಯಲ್ಲಿ ಅರ್ಧ ಇಲ್ಲದವರು ಬಾಗಿಲಿನವರೆಗೂ ಬರುವುದಿಲ್ಲ. ಅವರು ಬರಲಿಲ್ಲ ಎಂಬುದು ಯಾವ ಕಡತದಲ್ಲೂ ದಾಖಲಾಗುವುದಿಲ್ಲ. ತಿರಸ್ಕೃತ ಅರ್ಜಿಗಾದರೂ ಒಂದು ಸಂಖ್ಯೆ ಇರುತ್ತದೆ, ಹಾಕದ ಅರ್ಜಿಗೆ ಅದೂ ಇಲ್ಲ.

ಇದಕ್ಕೆ ಹೋಲಿಸಿದರೆ 1996ರ ದೂರಸಂಪರ್ಕ ಕಾಯ್ದೆಯಿಂದ ಹುಟ್ಟಿದ ಇ-ರೇಟ್ ಎಂಬ ವ್ಯವಸ್ಥೆ ಹೆಚ್ಚು ನ್ಯಾಯವಾಗಿತ್ತು. ದೂರಸಂಪರ್ಕ ಕಂಪೆನಿಗಳಿಂದ ವಸೂಲಾದ ನಿಧಿಯಿಂದ ಶಾಲೆ ಮತ್ತು ಗ್ರಂಥಾಲಯಗಳ ಸಂಪರ್ಕದ ಬಿಲ್ಲಿನಲ್ಲಿ ನೂರಕ್ಕೆ 20ರಿಂದ 90ರಷ್ಟು ರಿಯಾಯಿತಿ. ಶಾಲೆಯಲ್ಲಿ ಉಚಿತ ಅಥವಾ ಅಗ್ಗದ ಊಟಕ್ಕೆ ಅರ್ಹರಾದ ಮಕ್ಕಳು ಎಷ್ಟು ಎಂಬುದರ ಮೇಲೆ ರಿಯಾಯಿತಿಯ ಲೆಕ್ಕ. ಬಡವರು ಹೆಚ್ಚಿದ್ದಷ್ಟೂ ಹೆಚ್ಚು ಹಣ. ಆದರೂ ಅದರ ನಮೂನೆಗಳು ಎಷ್ಟು ಜಟಿಲವಾಗಿದ್ದವೆಂದರೆ, ಅವನ್ನು ತುಂಬಿಕೊಡುವ ಸಲಹೆಗಾರರ ದೊಡ್ಡ ಕಸುಬೇ ಬೆಳೆಯಿತು. ನಮ್ಮ ಮರದಡಿಯ ಅರ್ಜಿನವೀಸ್ ಅಲ್ಲಿ ಕೋಟು ತೊಟ್ಟು ಕುಳಿತ.

2009ರ ಬೇಸಿಗೆ

2008ರ ಆರ್ಥಿಕ ಕುಸಿತದ ನಂತರ, 2009ರ ಫೆಬ್ರವರಿ 17ರಂದು ಅಧ್ಯಕ್ಷ ಒಬಾಮ ಸಹಿ ಹಾಕಿದ ಉತ್ತೇಜನ ಕಾಯ್ದೆಯಲ್ಲಿ ಬ್ರಾಡ್‌ಬ್ಯಾಂಡಿಗೆಂದು 720 ಕೋಟಿ ಡಾಲರ್ ಇತ್ತು. ಅದರಲ್ಲಿ 470 ಕೋಟಿ ವಾಣಿಜ್ಯ ಇಲಾಖೆಗೆ, 250 ಕೋಟಿ ಕೃಷಿ ಇಲಾಖೆಯ ಗ್ರಾಮೀಣ ಸೇವೆಗಳ ವಿಭಾಗಕ್ಕೆ. ಅಷ್ಟು ದೊಡ್ಡ ಮೊತ್ತ ಹಿಂದೆಂದೂ ಬಂದಿರಲಿಲ್ಲ. ಬಡ ಬಡಾವಣೆಗಳಲ್ಲಿ, ಬುಡಕಟ್ಟುಗಳ ಪ್ರದೇಶದಲ್ಲಿ, ಹಳ್ಳಿಗಳಲ್ಲಿ ಆಸೆ ಚಿಗುರಿತು.

ಜುಲೈ 1ರಂದು ನಿಯಮಗಳು ಪ್ರಕಟವಾದವು, ನೂರಕ್ಕೂ ಹೆಚ್ಚು ಪುಟ. ಅರ್ಜಿಗೆ ಕೊನೆಯ ದಿನ ಆಗಸ್ಟ್ 14. ಅಂದರೆ ಆರೇ ವಾರ. ಅಷ್ಟರೊಳಗೆ ಸಂಸ್ಥೆಗೆ ನೋಂದಣಿ ಸಂಖ್ಯೆಗಳನ್ನು ಪಡೆಯಬೇಕು, ಎಂಜಿನಿಯರಿಂಗ್ ನಕ್ಷೆ ಮಾಡಿಸಬೇಕು, ಮುಂದಿನ ವರ್ಷಗಳ ಆಯವ್ಯಯ ತೋರಿಸಬೇಕು, ಖರ್ಚಿನ ನೂರಕ್ಕೆ 20ರಷ್ಟನ್ನು ಬೇರೆ ಕಡೆಯಿಂದ ತರುತ್ತೇವೆಂದು ಸಾಬೀತುಪಡಿಸಬೇಕು. ಹೆಚ್ಚಿನ ಅರ್ಜಿಗಳನ್ನು ಇಂಟರ್ನೆಟ್ಟಿನಲ್ಲೇ ಸಲ್ಲಿಸಬೇಕಿತ್ತು. ಕೊನೆಯ ದಿನಗಳಲ್ಲಿ ಎಲ್ಲರೂ ಒಟ್ಟಿಗೆ ನುಗ್ಗಿದಾಗ ಸರಕಾರದ ಸರ್ವರುಗಳೇ ತಡೆಯಲಾರದೆ ಗಡುವನ್ನು ಆಗಸ್ಟ್ 20ಕ್ಕೆ ಮುಂದೂಡಬೇಕಾಯಿತು. ಸುಮಾರು 2,200 ಅರ್ಜಿಗಳು ಬಂದವು. ಕೇಳಿದ ಹಣ ಸುಮಾರು 2,800 ಕೋಟಿ ಡಾಲರ್. ಆ ಸುತ್ತಿನಲ್ಲಿ ಕೊಡಲು ಇದ್ದದ್ದು 400 ಕೋಟಿ. ಕೊಡಕ್ಕೆ ಏಳು ಪಟ್ಟು ದಾಹ.

ಇನ್ನು ತಕರಾರು. ಅರ್ಜಿಗಳು ಬಂದ ಮೇಲೆ ಆಯಾ ಪ್ರದೇಶದಲ್ಲಿ ಈಗಾಗಲೇ ಇರುವ ಕಂಪೆನಿಗಳಿಗೆ ಮೂವತ್ತು ದಿನ ಅವಕಾಶವಿತ್ತು. ಇಲ್ಲಿ ನಾವು ಸೇವೆ ಕೊಡುತ್ತಿದ್ದೇವೆ, ಸರಕಾರದ ಹಣ ಬೇಡ ಎಂದು ಅವು ಹೇಳಬಹುದಿತ್ತು. ಎಲ್ಲಿ ತಂತಿ ಇದೆ, ಎಲ್ಲಿ ಇಲ್ಲ ಎಂಬ ನಕ್ಷೆ ಆ ಕಂಪೆನಿಗಳ ಕೈಯಲ್ಲಿತ್ತು, ಅದು ವ್ಯಾಪಾರದ ಗುಟ್ಟು. ಊರವರು ಮಾತ್ರ ತಮ್ಮಲ್ಲಿ ಇಂಟರ್ನೆಟ್ ಇಲ್ಲ ಎಂಬುದನ್ನು ಪುರಾವೆ ಸಮೇತ ತೋರಿಸಬೇಕು. ಇಲ್ಲದಿರುವುದಕ್ಕೆ ಪುರಾವೆ ಎಲ್ಲಿಂದ ತರುವುದು? ದೇಶದ ಬ್ರಾಡ್‌ಬ್ಯಾಂಡ್ ನಕ್ಷೆಯನ್ನು ಸರಕಾರ ಮೊದಲ ಬಾರಿಗೆ ಪ್ರಕಟಿಸಿದ್ದು 2011ರ ಫೆಬ್ರವರಿಯಲ್ಲಿ. ಅನುದಾನಗಳೆಲ್ಲ 2010ರ ಸೆಪ್ಟೆಂಬರಿನ ಕೊನೆಗೇ ಹಂಚಿ ಮುಗಿದಿದ್ದವು. ಊಟ ಮುಗಿದ ಮೇಲೆ ಹಸಿದವರ ಪಟ್ಟಿ ಬಂದಂತಾಯಿತು.

ಪಡೆದವರು ಯಾರು

ವಾಣಿಜ್ಯ ಇಲಾಖೆ ಒಟ್ಟು 233 ಯೋಜನೆಗಳಿಗೆ ಹಣ ಕೊಟ್ಟಿತು. 123 ಯೋಜನೆಗಳು ಕೇಬಲ್ ಮತ್ತು ಮೂಲಸೌಕರ್ಯದವು, ಅವಕ್ಕೆ ಸುಮಾರು 350 ಕೋಟಿ ಡಾಲರ್. ಸಾರ್ವಜನಿಕ ಕಂಪ್ಯೂಟರ್ ಕೇಂದ್ರಗಳ 66 ಯೋಜನೆಗಳಿಗೆ ಸುಮಾರು 20 ಕೋಟಿ. ಜನರಿಗೆ ಕಲಿಸುವ, ಬಳಕೆ ಬೆಳೆಸುವ 44 ಯೋಜನೆಗಳಿಗೆ ಸುಮಾರು 25 ಕೋಟಿ. ಪಟ್ಟಿಯಲ್ಲಿ ರಾಜ್ಯ ಸರಕಾರಗಳು, ವಿಶ್ವವಿದ್ಯಾಲಯಗಳು, ಕಂಪೆನಿಗಳು ಢಾಳಾಗಿ ಕಾಣುತ್ತವೆ. ಸಣ್ಣವರು ಇಲ್ಲವೆಂದಲ್ಲ. ಗೆದ್ದ ಸಣ್ಣವರನ್ನು ಹತ್ತಿರದಿಂದ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಅವರ ಹಿಂದೆ ಮೊದಲೇ ಕಟ್ಟಿದ್ದ ಒಂದು ಸಂಘವೋ ಒಕ್ಕೂಟವೋ ಇತ್ತು.

ಕೆಂಟಕಿ ರಾಜ್ಯದ ಬೆಟ್ಟಗಳಲ್ಲಿ ಜಾಕ್ಸನ್ ಮತ್ತು ಔಸ್ಲಿ ಎಂಬ ಎರಡು ಕೌಂಟಿಗಳಿವೆ, ಆ ದೇಶದ ಅತ್ಯಂತ ಬಡ ಪ್ರದೇಶಗಳ ಸಾಲಿಗೆ ಸೇರಿದವು. 1950ರ ಆಸುಪಾಸಿನಲ್ಲಿ ಅಲ್ಲಿನವರು ಟೆಲಿಫೋನಿಗಾಗಿ ಕಟ್ಟಿಕೊಂಡ ಸಹಕಾರಿ ಸಂಘವೇ ಉತ್ತೇಜನ ಕಾಯ್ದೆಯ ಅನುದಾನಕ್ಕೆ ಮತ್ತು ಗ್ರಾಮೀಣ ಸೇವೆಗಳ ವಿಭಾಗದ ಸಾಲಕ್ಕೆ ಅರ್ಜಿ ಹಾಕಿತು. ಗಾಡಿ ಹೋಗದ ಕಡಿದಾದ ಜಾಗಗಳಲ್ಲಿ ಓಲ್ಡ್ ಬಬ್ ಎಂಬ ಹೇಸರಗತ್ತೆಯಿಂದ ಕೇಬಲ್ ಎಳೆಸಿದರು. 2014ರ ಹೊತ್ತಿಗೆ ಆ ಎರಡೂ ಕೌಂಟಿಗಳ ಮನೆಗಳಿಗೆ ಆಪ್ಟಿಕಲ್ ಫೈಬರ್ ತಲುಪಿತು. ಕಲ್ಲಿದ್ದಲು, ತಂಬಾಕಿನ ದುಡಿಮೆ ಕಳೆದುಕೊಂಡವರಲ್ಲಿ ನೂರಾರು ಜನ ಮನೆಯಲ್ಲೇ ಕೂತು ದೂರದ ಕಂಪೆನಿಗಳ ಕೆಲಸ ಮಾಡುವಂತಾಯಿತು.

ಟೆನೆಸಿಯ ಚಟ್ಟನೂಗ ನಗರದ ಕಥೆಯೂ ಹಾಗೆಯೇ. ಅಲ್ಲಿನ ವಿದ್ಯುತ್ ಮಂಡಳಿ 1935ರಲ್ಲಿ ಹುಟ್ಟಿದ ಸಾರ್ವಜನಿಕ ಸಂಸ್ಥೆ. 2009ರಲ್ಲಿ ಅದು ಇಂಧನ ಇಲಾಖೆಯಿಂದ 11.15 ಕೋಟಿ ಡಾಲರ್ ಪಡೆಯಿತು. ಕಾಗದದಲ್ಲಿ ಆ ಹಣ ವಿದ್ಯುತ್ ಜಾಲವನ್ನು ಸುಧಾರಿಸಲು. ಅದಕ್ಕೂ ಬೇಕಾದದ್ದು ಫೈಬರ್, ಅದೇ ಫೈಬರಿನಲ್ಲಿ ಮನೆಗಳಿಗೆ ಇಂಟರ್ನೆಟ್ಟೂ ಹರಿಯಿತು. 2010ರ ಸೆಪ್ಟೆಂಬರಿನಲ್ಲಿ ಇಡೀ ನಗರಕ್ಕೆ ಗಿಗಾಬಿಟ್ ವೇಗದ ಸೇವೆ ಸಿಕ್ಕಿತು. ಕೇಬಲ್ ಕಂಪೆನಿಗಳ ಒಕ್ಕೂಟ ಕೋರ್ಟಿಗೆ ಹೋಗಿ ಸೋತಿತ್ತು. ಆದರೆ ಮಂಡಳಿ ತನ್ನ ವಿದ್ಯುತ್ ಪ್ರದೇಶದ ಆಚೆಗೆ ಇಂಟರ್ನೆಟ್ ಕೊಡುವಂತಿಲ್ಲ ಎಂಬ ರಾಜ್ಯದ ಕಾನೂನು ಉಳಿಯಿತು. ಕೇಂದ್ರ ಸಂಪರ್ಕ ಆಯೋಗ 2015ರಲ್ಲಿ ಅದನ್ನು ಬದಿಗೆ ಸರಿಸಲು ನೋಡಿತು. 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಆಯೋಗಕ್ಕೆ ಆ ಅಧಿಕಾರವಿಲ್ಲ ಎಂದಿತು. ಪಕ್ಕದ ಹಳ್ಳಿಗಳು ನಗರದ ದೀಪವನ್ನು ದೂರದಿಂದ ನೋಡುತ್ತಾ ಉಳಿದವು.

ಮೂರನೆಯದು ಡೆಟ್ರಾಯಿಟ್. ಕಾರ್ಖಾನೆಗಳು ಮುಚ್ಚಿ ಸೊರಗಿದ, ಬಹುಪಾಲು ಕಪ್ಪು ಜನರ ನಗರ. 2009ರಲ್ಲಿ ಅಲ್ಲಿನ ಸಣ್ಣಪುಟ್ಟ ಸಂಘಟನೆಗಳು ಡಿಜಿಟಲ್ ನ್ಯಾಯದ ಒಕ್ಕೂಟವೊಂದನ್ನು ಕಟ್ಟಿದವು. ತಂತ್ರಜ್ಞಾನ ಯಾರ ಕೈಯಲ್ಲಿರಬೇಕು, ಯಾತಕ್ಕೆ ಬೇಕು ಎಂಬುದರ ಬಗ್ಗೆ ತಮ್ಮ ತತ್ವಗಳನ್ನು ಮೊದಲು ಬರೆದುಕೊಂಡವು. ಒಂದು ವಿಶ್ವವಿದ್ಯಾಲಯದ ಅರ್ಜಿಯ ಜೊತೆಗೂಡಿ ಅನುದಾನದ ಪಾಲು ಪಡೆದು ನೆರೆಹೊರೆಯವರಿಗೆ ಕಲಿಸಿದವು. ಅನುದಾನದ ಅವಧಿ ಮುಗಿದಾಗ ಎಷ್ಟೋ ಊರುಗಳ ಕೇಂದ್ರಗಳು ಬಾಗಿಲು ಹಾಕುವುದುಂಟು. ಡೆಟ್ರಾಯಿಟ್‌ನಲ್ಲಿ ಕಲಿತ ಜನ ಉಳಿದಿದ್ದರು. 2016ರಿಂದ ಅವರೇ ಮೂರು ಬಡಾವಣೆಗಳಲ್ಲಿ ಮಾಳಿಗೆಗಳ ಮೇಲೆ ಆಂಟೆನಾ ಕಟ್ಟಿ, ತಮ್ಮ ನೆರೆಯವರಿಗೆ ತಾವೇ ಇಂಟರ್ನೆಟ್ ಕೊಡಲು ತೊಡಗಿದರು.

ಬೆಟ್ಟದ ಸಂಘ, ನಗರದ ವಿದ್ಯುತ್ ಮಂಡಳಿ, ಕಪ್ಪು ಜನರ ಒಕ್ಕೂಟ, ಈ ಮೂರೂ ಆರು ವಾರಗಳ ಗಡುವು ಬಂದ ಮೇಲೆ ಬೆವರಿದವರಲ್ಲ. ಮೊದಲ ಎರಡಕ್ಕೆ ಅವರ ಅಜ್ಜಂದಿರ ಕಾಲದ ಸಾರ್ವಜನಿಕ ಹಣವೇ ಅಡಿಪಾಯ ಹಾಕಿಕೊಟ್ಟಿತ್ತು. ಒಮ್ಮೆ ಸರಿಯಾಗಿ ಕೊಟ್ಟ ಹಣ ಎಪ್ಪತ್ತು ವರ್ಷದ ನಂತರವೂ ಅರ್ಜಿ ಬರೆಯುವ ಕೈಯಾಗಿ ನಿಂತಿತು.

ಇದರಿಂದ ಸರಕಾರ ಪಾಠ ಕಲಿಯಿತೇ? 2021ರ ನವೆಂಬರಿನಲ್ಲಿ ಬಂದ ಮೂಲಸೌಕರ್ಯ ಕಾಯ್ದೆ ಬ್ರಾಡ್‌ಬ್ಯಾಂಡ್ ವಿಸ್ತರಣೆಗೆ 4,245 ಕೋಟಿ ಡಾಲರ್ ಇಟ್ಟಿತು. ಆದರೆ ಹಣ ಕೇಳುವವರು ಅದರ ನೂರಕ್ಕೆ 25ರಷ್ಟಕ್ಕೆ ಬ್ಯಾಂಕಿನ ಜಾಮೀನು ಪತ್ರ ತರಬೇಕೆಂಬ ನಿಯಮ ಸೇರಿಕೊಂಡಿತು. ದೊಡ್ಡ ಕಂಪೆನಿಗೆ ಅದು ಒಂದು ಕಾಗದ. ಸಣ್ಣ ಸಹಕಾರಿಗೆ ಅಷ್ಟು ಹಣವನ್ನು ಬ್ಯಾಂಕಿನಲ್ಲಿ ಕಟ್ಟಿಹಾಕುವುದೆಂದರೆ ಕೆಲಸವೇ ನಿಂತಂತೆ. ಗದ್ದಲವಾದ ಮೇಲೆ 2023ರ ನವೆಂಬರಿನಲ್ಲಿ ನಿಯಮ ಸಡಿಲಾಯಿತು. ಅದೇ ಕಾಯ್ದೆಯಲ್ಲಿ ವೃದ್ಧರು, ಬಡವರು, ಅಲ್ಪಸಂಖ್ಯಾತ ಸಮುದಾಯಗಳು ಮುಂತಾದವರಿಗೆ ಇಂಟರ್ನೆಟ್ ಬಳಕೆ ಕಲಿಸಲು 275 ಕೋಟಿ ಡಾಲರ್ ಬೇರೆಯಾಗಿ ಇತ್ತು. 2025ರ ಮೇಯಲ್ಲಿ ಅಧ್ಯಕ್ಷ ಟ್ರಂಪ್ ಅದನ್ನು ಜನಾಂಗೀಯ ಪಕ್ಷಪಾತದ ಯೋಜನೆ ಎಂದು ಕರೆದು ನಿಲ್ಲಿಸುವುದಾಗಿ ಘೋಷಿಸಿದರು. ಮಂಜೂರಾದ ಮೇಲೂ ರದ್ದಾಗಬಹುದು ಎಂಬುದು ಅಲ್ಲಿನ ಅರ್ಜಿದಾರರಿಗೆ ಸಿಕ್ಕ ಹೊಸ ಪಾಠ.

ನಮ್ಮ ಖಜಾನೆ, ನಮ್ಮ ಬಾಗಿಲು

ಅಮೆರಿಕದಂತೆ ನಮ್ಮ ದೇಶವೂ ದೂರಸಂಪರ್ಕ ಕಂಪೆನಿಗಳಿಂದ ವಸೂಲು ಮಾಡಿ ಹಿಂದುಳಿದ ಊರುಗಳಿಗೆ ಖರ್ಚು ಮಾಡುವ ದಾರಿ ಹಿಡಿಯಿತು. 2002ರ ಏಪ್ರಿಲ್‌ನಿಂದ ಜಾರಿಗೆ ಬಂದ ಸಾರ್ವತ್ರಿಕ ಸೇವಾ ನಿಧಿ ಅದು. ಕಂಪೆನಿಗಳ ಆದಾಯದ ನೂರಕ್ಕೆ 5ರಷ್ಟು ಅದರ ಹೆಸರಿನಲ್ಲಿ ಬರುತ್ತದೆ. ಗ್ರಾಹಕರಾದ ನಮ್ಮೆಲ್ಲರ ಜೇಬಿನಿಂದಲೇ ಬರುತ್ತದೆ ಎನ್ನೋಣ. 2019ರ ಹೊತ್ತಿಗೆ ಹೀಗೆ ಬಂದ ಹಣದಲ್ಲಿ ಸುಮಾರು 50,000 ಕೋಟಿ ರೂಪಾಯಿ ಖರ್ಚಾಗದೆ ಬಾಕಿ ಇತ್ತು. 2011ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಎರಡೂವರೆ ಲಕ್ಷ ಗ್ರಾಮ ಪಂಚಾಯತುಗಳಿಗೆ ಫೈಬರ್ ಒಯ್ಯುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಎರಡು ವರ್ಷದಲ್ಲಿ ಮುಗಿಸುತ್ತೇವೆಂದರು. ಅದೇ ಭಾರತ್‌ನೆಟ್ ಆಯಿತು, ಗಡುವುಗಳು ಮುಂದೆ ಮುಂದೆ ಹೋದವು. 2023ರಲ್ಲಿ ಅದಕ್ಕೆ ಮತ್ತೆ 1.39 ಲಕ್ಷ ಕೋಟಿ ರೂಪಾಯಿಯ ತಿದ್ದಿದ ಯೋಜನೆ ಬಂತು. 2024ರಲ್ಲಿ ಸಾರ್ವತ್ರಿಕ ಸೇವಾ ನಿಧಿ ಡಿಜಿಟಲ್ ಭಾರತ್ ನಿಧಿ ಎಂಬ ಹೊಸ ಹೆಸರು ಪಡೆಯಿತು.

ಹೆಸರಿನ ಚರ್ಚೆ ಬಿಡೋಣ. ಅಮೆರಿಕದ ರೈತರು ಐದು ಡಾಲರ್ ಕೂಡಿಸಿ ಅರ್ಜಿ ಹಾಕಿದಂತೆ ನಮ್ಮ ಊರಿನ ಹಾಲಿನ ಸೊಸೈಟಿಯೋ, ಸ್ತ್ರೀಶಕ್ತಿ ಸಂಘವೋ, ಗ್ರಾಮ ಪಂಚಾಯತೋ ಈ ಸಾರ್ವತ್ರಿಕ ಸೇವಾ ನಿಧಿಗೆ ನೇರವಾಗಿ ಅರ್ಜಿ ಹಾಕುವ ದಾರಿ ಇತ್ತೇ? ಇರಲಿಲ್ಲ. ಪರವಾನಗಿ ಇರುವ ಕಂಪೆನಿಗಳು ಟೆಂಡರಿನಲ್ಲಿ ಭಾಗವಹಿಸಿ ಅತಿ ಕಡಿಮೆ ಸಬ್ಸಿಡಿ ಕೇಳಿದವರು ಪಡೆಯುವುದು ಅದರ ಮುಖ್ಯ ಪದ್ಧತಿಯಾಗಿತ್ತು. ಅಲ್ಲಿ ಬಾಗಿಲು ಕಿರಿದಾಗಿತ್ತು. ಇಲ್ಲಿ ಊರಿನವರ ಹೆಸರಿನಲ್ಲಿ ಬಾಗಿಲನ್ನೇ ಇಟ್ಟಿರಲಿಲ್ಲ.

ನಮ್ಮ ಜನಕ್ಕೆ ಸಾಮರ್ಥ್ಯವಿಲ್ಲವೇ? ಕೋಲಾರ ಜಿಲ್ಲೆಯ ಬೂದಿಕೋಟೆಯನ್ನು ನೋಡೋಣ. ಹೈದರಾಲಿ ಹುಟ್ಟಿದ ಊರೆಂದು ಹೆಸರಾದ ಹಳ್ಳಿ ಅದು. 2000ದ ದಶಕದ ಆರಂಭದಲ್ಲಿ ಅಲ್ಲಿ ಮೈರಾಡ, ವಾಯ್ಸಸ್ ಸಂಸ್ಥೆಗಳು ಮತ್ತು ಯುನೆಸ್ಕೋ ನೆರವಿನಿಂದ ನಮ್ಮ ಧ್ವನಿ ಎಂಬ ಸಮುದಾಯ ಬಾನುಲಿ ಹುಟ್ಟಿತು. ಗಾಳಿಯ ಅಲೆಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಆದರೆ ಹಳ್ಳಿಯ ಸಂಘಟನೆಗಳಿಗೆ ರೇಡಿಯೋ ಪರವಾನಗಿ ಕೊಡುವ ನೀತಿ ಬಂದದ್ದು 2006ರ ನವೆಂಬರಿನಲ್ಲಿ. ಬೂದಿಕೋಟೆಯವರು ಅಲ್ಲಿಯವರೆಗೆ ಕಾಯಲಿಲ್ಲ. ಟಿವಿ ಕೇಬಲ್ಲಿನ ತಂತಿಯಲ್ಲೇ ತಮ್ಮ ಕಾರ್ಯಕ್ರಮಗಳನ್ನು ಮನೆಗಳಿಗೆ ಕಳಿಸಿದರು. ಸ್ವಸಹಾಯ ಸಂಘದ ಹೆಂಗಸರು ಮೈಕು ಹಿಡಿದರು, ಕಂಪ್ಯೂಟರಿನಲ್ಲಿ ಧ್ವನಿ ಸಂಪಾದನೆ ಕಲಿತರು. ಆ ಕೆಲಸಕ್ಕೆ ಹಣ ನಮ್ಮ ಯಾವ ನಿಧಿಯಿಂದ ಬರಬೇಕಿತ್ತೋ ಅಲ್ಲಿಂದ ಬರಲಿಲ್ಲ, ಪ್ಯಾರಿಸಿನಲ್ಲಿ ಕಚೇರಿಯಿರುವ ಸಂಸ್ಥೆಯಿಂದ ಬಂತು.

ಇನ್ನೊಂದು ಉದಾಹರಣೆ ನೆರೆಯ ಕೇರಳದ ಮಲಪ್ಪುರಂ. ಬಹುಸಂಖ್ಯಾತರು ಮುಸ್ಲಿಮರಾಗಿರುವ, ಗಲ್ಫಿಗೆ ದುಡಿಯಲು ಹೋದವರ ಮನೆಗಳೇ ತುಂಬಿರುವ ಜಿಲ್ಲೆ. 2002ರ ನವೆಂಬರ್ 18ರಂದು ಅಂದಿನ ರಾಷ್ಟ್ರಪತಿ ಅಬ್ದುಲ್ ಕಲಾಂ ಅಲ್ಲಿ ಅಕ್ಷಯ ಯೋಜನೆಯನ್ನು ಉದ್ಘಾಟಿಸಿದರು. ಪ್ರತಿ ಮನೆಯ ಒಬ್ಬರಿಗೆ ಕಂಪ್ಯೂಟರ್ ಕಲಿಸುವುದು ಗುರಿ. ತಾಯಂದಿರು, ಹೆಂಡತಿಯರು ದೊಡ್ಡ ಸಂಖ್ಯೆಯಲ್ಲಿ ಬಂದರು. ಪರದೇಶದಲ್ಲಿರುವ ಮಗನ, ಗಂಡನ ಮುಖ ಪರದೆಯಲ್ಲಿ ಕಾಣುತ್ತದೆ ಎಂಬುದಕ್ಕಿಂತ ದೊಡ್ಡ ಪ್ರೇರಣೆ ಬೇಕೇ? ಕಲಿಯುವ ಮನೆಯವರು 20 ರೂಪಾಯಿ ಕೊಟ್ಟರೆ, ಉಳಿದ ದೊಡ್ಡ ಪಾಲನ್ನು ಪಂಚಾಯತುಗಳು ಭರಿಸಿದವು. ಇದು ಸಾಧ್ಯವಾದದ್ದು 1996ರಲ್ಲಿ ಆರಂಭವಾದ ಜನಕೀಯ ಯೋಜನೆಯಿಂದ. ರಾಜ್ಯದ ಯೋಜನಾ ಹಣದ ಮೂರನೇ ಒಂದು ಭಾಗಕ್ಕೂ ಹೆಚ್ಚನ್ನು ಕೇರಳ ಸ್ಥಳೀಯ ಸಂಸ್ಥೆಗಳ ಕೈಗೆ ಕೊಟ್ಟಿತ್ತು. ದಿಲ್ಲಿಗೆ ಅರ್ಜಿ ಬರೆಯುವ ಅಗತ್ಯ ಬೀಳಲಿಲ್ಲ, ಊರಿನ ಸಭೆಯೇ ತೀರ್ಮಾನಿಸಿತು.

ಕೇಳುವುದಕ್ಕೂ ಕಲಿಯಬೇಕು

ಈ ತೊಂಬತ್ತು ವರ್ಷಗಳ ಚರಿತ್ರೆಯಿಂದ ನಾವು ತೆಗೆದುಕೊಳ್ಳಬೇಕಾದದ್ದೇನು? ಸಾರ್ವಜನಿಕ ಹಣ ತಾನಾಗಿಯೇ ಬಡವರ ಮನೆ ಹುಡುಕಿಕೊಂಡು ಹೋಗುವುದಿಲ್ಲ, ಅದು ಅರ್ಜಿಯ ದಾರಿ ಹಿಡಿದು ಹೋಗುತ್ತದೆ. ಅರ್ಜಿ ಬರೆಯಲು ಸಮಯ, ನಕ್ಷೆ, ಲೆಕ್ಕ, ಭಾಷೆ, ಮುಂಗಡ ಹಣ ಬೇಕು. ಯಾರಿಗೆ ಆ ತಂತಿಯ ಅಗತ್ಯ ಅತಿ ಹೆಚ್ಚೋ ಅವರಲ್ಲಿ ಇವು ಅತಿ ಕಡಿಮೆ. ಆದ್ದರಿಂದ ಅರ್ಜಿ ಬರೆಯಲು ಮಾಡುವ ಸಹಾಯವೂ ಅನುದಾನದ ಒಂದು ಭಾಗವಾಗಬೇಕು. 1936ರ ಇಲಾಖೆ ಅದನ್ನು ಅರಿತಿತ್ತು, 2009ರ ಇಲಾಖೆ ಮರೆಯಿತು.

ಸರಕಾರದ ಪಾಲು ಅದಾದರೆ, ನಮ್ಮ ಪಾಲೂ ಒಂದಿದೆ. ನಮ್ಮ ಜಮಾಅತ್‌ಗಳಲ್ಲಿ, ಯುವಕ ಸಂಘಗಳಲ್ಲಿ, ಸೊಸೈಟಿಗಳಲ್ಲಿ ಸಮಾರಂಭ ನಡೆಸಲು ತಿಳಿದವರು ಹತ್ತಾರು ಜನರಿದ್ದಾರೆ. ಒಂದು ಯೋಜನಾ ವರದಿ ಬರೆಯಬಲ್ಲವರು, ಆಯವ್ಯಯ ಓದಬಲ್ಲವರು, ಮಾಹಿತಿ ಹಕ್ಕಿನಡಿ ಪ್ರಶ್ನೆ ಕೇಳಬಲ್ಲವರು ಎಷ್ಟು ಮಂದಿ? ಗ್ರಾಮಸಭೆಯಲ್ಲಿ ಕೂತು, ನಮ್ಮ ಪಂಚಾಯತಿಗೆ ಬಂದ ಫೈಬರ್ ಏಕೆ ಪೆಟ್ಟಿಗೆಯಲ್ಲೇ ನಿಂತಿದೆ, ಶಾಲೆಗೂ ಅಂಗನವಾಡಿಗೂ ಆರೋಗ್ಯ ಕೇಂದ್ರಕ್ಕೂ ಏಕೆ ಹೋಗಿಲ್ಲ ಎಂದು ಕೇಳುವವರು ಎಷ್ಟು? ಕೆಂಟಕಿಯ ಬೆಟ್ಟದ ಬಡವರಿಗೆ ಕೇಬಲ್ ಸಿಕ್ಕಿದ್ದು, ಅವರ ಹಿರಿಯರು ಟೆಲಿಫೋನಿಗಾಗಿ ಕಟ್ಟಿದ ಸಂಘವನ್ನು ಅವರು ಅರವತ್ತು ವರ್ಷ ಒಡೆಯದೆ ನಡೆಸಿಕೊಂಡು ಬಂದಿದ್ದರಿಂದ. ನಮ್ಮ ಊರುಗಳಲ್ಲೂ ಹಾಲಿನ ಸೊಸೈಟಿ ಇದೆ, ಸ್ವಸಹಾಯ ಸಂಘ ಇದೆ, ಗ್ರಂಥಾಲಯ ಇದೆ. ಮುಂದಿನ ನಿಧಿ, ಮುಂದಿನ ಗಡುವು ಘೋಷಣೆಯಾಗುವ ಮೊದಲೇ ಅವುಗಳ ಲೆಕ್ಕಪುಸ್ತಕ ಸರಿಯಾಗಿರಲಿ, ಊರಿನ ನಕ್ಷೆ ಬರೆದಿಟ್ಟಿರಲಿ, ಯಾವ ಮನೆಯಲ್ಲಿ ಸಂಪರ್ಕವಿಲ್ಲ ಎಂಬ ಪಟ್ಟಿ ಕೈಯಲ್ಲಿರಲಿ.